ನಿಮಗಿದು ಗೊತ್ತೆ? ಮುಚ್ಚಿದರೂ ಮುಚ್ಚದ ಕೊಕ್ಕು

ಪಕ್ಷಿತಜ್ಞ ಸಲೀಂ ಅಲಿಯವರ ಮಾತಿನ ಮೇಲೆ ಮೈಸೂರು ಸಂಸ್ಥಾನ 1940ರಲ್ಲಿ ಪಕ್ಷಿಧಾಮವೆಂದು ಘೋಷಿಸಿದ ಜಾಗ ಶ್ರೀರಂಗಪಟ್ಟಣದ ರಂಗನತಿಟ್ಟು. ಅಲ್ಲಿ ದೋಣಿ ಹತ್ತಿದರೆ ಬಾಯ್ಕಳಕ ಕೊಕ್ಕರೆಯನ್ನು ಹುಡುಕಿ ನೋಡಿ. ಕೊಕ್ಕು ಮುಚ್ಚಿದಾಗ ತುದಿ ಕೂಡುತ್ತದೆ, ನಡುವೆ ಮಾತ್ರ ಸಂದು! ಪೆಟ್ಟುಬಿದ್ದು ಸೊಟ್ಟಗಾದದ್ದಲ್ಲ. ಗದ್ದೆ, ಕೆರೆಗಳ ಬಸವನಹುಳು ಇದರ ಮುಖ್ಯ ಆಹಾರ. ಅಡಿಕೆಕತ್ತರಿಯಂತೆ ಚಿಪ್ಪು ಒಡೆಯುತ್ತದೆಂದು ಹಿಂದೆ ಕೆಲವರು ನಂಬಿದ್ದರು. ನಿಜಕ್ಕೂ ಅದು ಕೆಳಕೊಕ್ಕಿನ ಚೂಪು ತುದಿಯನ್ನು ಚಿಪ್ಪಿನ ಬಾಯೊಳಗೆ ತೂರಿಸಿ, ಹುಳುವನ್ನು ಚಿಪ್ಪಿಗೆ ಬಿಗಿದ ಸ್ನಾಯುವನ್ನು ಕತ್ತರಿಸಿ, ಮಾಂಸವನ್ನು ಈಚೆಗೆಳೆಯುತ್ತದೆ. ಅದೂ ಕೆಸರುನೀರಿನಲ್ಲಿ, ಬಹುಪಾಲು ಸ್ಪರ್ಶದ ಮೇಲೆ.

ಮರಿಗೆ ಈ ಸಂದು ಇರುವುದಿಲ್ಲ, ಬೆಳೆದಂತೆ ಮೂಡುತ್ತದೆ. ಹಾಗೆಂದು ಚಿಪ್ಪಿಗೆ ಉಜ್ಜಿ ತಾಯಿಯ ಕೊಕ್ಕು ಸವೆದದ್ದೇ ಮರಿಗೂ ಬಂತೆಂದಲ್ಲ. ವಿಕಾಸವಾದವನ್ನು ಹೀಗೆ ತಪ್ಪು ತಿಳಿಯುವವರುಂಟು. ಹುಟ್ಟಿನಿಂದಲೇ ಬರುವ ಸಣ್ಣಪುಟ್ಟ ವ್ಯತ್ಯಾಸಗಳಲ್ಲಿ ಹೊಟ್ಟೆ ತುಂಬಿಸಿಕೊಳ್ಳಲು ನೆರವಾದವು ಹೆಚ್ಚು ಮರಿಗಳಿಗೆ ದಾಟುತ್ತವೆ, ಸಾವಿರಾರು ತಲೆಮಾರುಗಳಲ್ಲಿ ಜಾತಿಯ ಗುರುತಾಗುತ್ತವೆ. 1859ರಲ್ಲಿ ಡಾರ್ವಿನ್ ವಿವರಿಸಿದ ನೈಸರ್ಗಿಕ ಆಯ್ಕೆ ಇದೇ.

ರಂಗನತಿಟ್ಟಿನಲ್ಲೇ ಇರುವ ಚಮಚಕೊಕ್ಕಿನ ಹಕ್ಕಿ ಊಟ ಹಿಡಿಯುವ ಬಗೆಯೇ ಬೇರೆ. ಅದು ಚಪ್ಪಟೆ ಕೊಕ್ಕನ್ನು ತುಸು ತೆರೆದು ನೀರಲ್ಲಿ ಅತ್ತಿತ್ತ ಬೀಸುತ್ತದೆ. ಮೀನೋ ಹುಳುವೋ ತಗುಲಿದ್ದೇ ತಡ, ಗಬಕ್ಕನೆ ಮುಚ್ಚುತ್ತದೆ.