ಒಳಗೊಂದು ಮೆಟ್ಟಿಲು ಬೇಕು

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯ ತಾರಸಿ ಮನೆಗಳಲ್ಲಿ ಹಲವಕ್ಕೆ ಮೆಟ್ಟಿಲು ಇರುವುದು ಹೊರಗಡೆ. ಮುಂದೆಂದಾದರೂ ಮಹಡಿ ಎಬ್ಬಿಸಿ ಬಾಡಿಗೆಗೆ ಕೊಡುವ ಲೆಕ್ಕಾಚಾರ ಅದು. ಬಾಡಿಗೆಯವರ ಬದಲು ಮಗನ ಸಂಸಾರವೇ ಮಹಡಿ ಸೇರಿದಾಗ ಲೆಕ್ಕ ತಪ್ಪುತ್ತದೆ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವ ಸೀಮೆ. ಆಸಾಡಿಯಲ್ಲಿ ಪಾಚಿ ಹಿಡಿದ ಮೆಟ್ಟಿಲು, ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಸಾರಿನ ಪಾತ್ರೆ. “ಮಳ್ಗಾಲ್ದಗೆ ಈ ಮೆಟ್ಲ್ ಹತ್ತುಕಾತ್ತಿಲ್ಲೆ ಮಾರಾಯ್ರೆ” ಎಂಬ ಮಾತು ಬಂತೆಂದರೆ ಒಳಗೊಂದು ಮೆಟ್ಟಿಲಿಗಾಗಿ ಮೇಸ್ತ್ರಿಗೆ ಫೋನು ಹೋಯಿತೆಂದೇ ಅರ್ಥ.

ಟೇಪು ಹಿಡಿದಾಗಲೇ ಸಂಕಟ ಶುರು. 10 ಅಡಿ ಏರಬೇಕಾದರೆ ಸುಮಾರು 7 ಇಂಚಿನಂತೆ 17 ಏರು. ಪಾದ ಊರಲು 10 ಇಂಚು ಬಿಟ್ಟರೆ ನೇರ ಮೆಟ್ಟಿಲಿಗೆ 13 ಅಡಿಗೂ ಮಿಕ್ಕಿದ ಉದ್ದ. ಚಾವಡಿಯ ಒಂದು ಗೋಡೆ ಹೋಯಿತು.

ಅದಕ್ಕಿಂತ ದೊಡ್ಡದು ಸ್ಲ್ಯಾಬಿನ ಪ್ರಶ್ನೆ. ಒಂದೇ ದಿಕ್ಕಿಗೆ ಭಾರ ಹೊರುವ ಸ್ಲ್ಯಾಬಿನಲ್ಲಿ ಮುಖ್ಯ ಸರಳುಗಳು ಕೋಣೆಯ ಕಿರಿದಾದ ಅಗಲಕ್ಕೆ ಹಾದಿರುತ್ತವೆ. ಮೆಟ್ಟಿಲಿಗಾಗಿ ಕೊರೆಯುವ ತೂತಿನ ಉದ್ದವೂ ಅದೇ ದಿಕ್ಕಿಗಿದ್ದರೆ ತುಂಡಾಗುವ ಸರಳು ಕಡಿಮೆ. ಕೆಳಗೆ ಆಸರೆ ಕೊಟ್ಟು, ಅಂಚಿಗೆ ಬೀಮು ಸೇರಿಸಿ ಕತ್ತರಿಸಬೇಕು. ಎಂಜಿನಿಯರ್ ನೋಡದೆ ಸುತ್ತಿಗೆ ಎತ್ತುವುದು ಶುದ್ಧ ಹುಂಬತನ. ಕತ್ತರಿಸಿದ ಸರಳಿನ ತುದಿಯನ್ನು ಹಾಗೇ ಬಿಟ್ಟರೆ ಉಪ್ಪುಗಾಳಿ ಹೊಡೆದು ತುಕ್ಕು ಉಬ್ಬುತ್ತದೆ, ಸುತ್ತಲಿನ ಕಾಂಕ್ರೀಟು ಸಿಡಿಯುತ್ತದೆ.

ಹೆಂಚಿನ ಮನೆಯಲ್ಲಿ ಈ ರಗಳೆ ಇರಲಿಲ್ಲ. ಉಪ್ಪರಿಗೆಯ ತೊಲೆಗೆ ಆನಿಸಿದ ಕಡಿದಾದ ಮರದ ಮೆಟ್ಟಿಲು; ಅದರ ಬುಡ ಒಂದು ಕಲ್ಲಿನ ಮೇಲೆ ಕೂತರೆ ಒರಲೆಯೂ ತಂಡಿಯೂ ತುಸು ದೂರ. ಕುಂದಾಪುರ ಕಡೆಯ ಹರ್ಕೂರು ಒಳಗಿನಮನೆಯನ್ನು ಬಿಚ್ಚಿ ತಂದು ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಮತ್ತೆ ನಿಲ್ಲಿಸಿದ್ದಾರೆ. ಮನೆಗೆ ಮನೆಯನ್ನೇ ಬಿಚ್ಚಿ ಜೋಡಿಸಲು ಬಿಡುವ ಮರಗೆಲಸಕ್ಕೆ ಮೆಟ್ಟಿಲು ಯಾವ ಲೆಕ್ಕ!

ಜರ್ಮನಿಯಲ್ಲೋ ಕೊರಿಯಾದಲ್ಲೋ ನೆಲೆಸಿದ ಊರಿನವರು ಒಳಗೆ ಮೆಟ್ಟಿಲು ಇಡಹೊರಟರೆ ಕಷ್ಟ ಕಾಲಡಿಯಲ್ಲಿದೆ. ಅಲ್ಲಿ ಹಲವು ಮನೆಗಳ ನೆಲದ ಗಾರೆಯೊಳಗೆ ಬಿಸಿನೀರಿನ ಕೊಳವೆ ಸುತ್ತು ಹಾಕಿರುತ್ತದೆ. ಮೆಟ್ಟಿಲಿನ ಬುಡಕ್ಕೆ ಬೋಲ್ಟು ಹೊಡೆಯಲು ಡ್ರಿಲ್ ಇಳಿಸಿದರೆ ಕೊಳವೆಯೇ ತೂತಾದೀತು. ಹಾಗಾಗಿ ಹೀಟರ್ ಹಾಕಿ ನೆಲ ಬೆಚ್ಚಗಾಗತೊಡಗಿದಾಗ ಶಾಖದ ಕ್ಯಾಮೆರಾ ಹಿಡಿದು ಕೊಳವೆಯ ಜಾಡು ನೋಡುತ್ತಾರೆ. ಜಾಗ ಸಿಗದಿದ್ದರೆ ಭಾರವನ್ನೆಲ್ಲ ಗೋಡೆಗೂ ಮೇಲಿನ ತೊಲೆಗೂ ಕೊಟ್ಟು, ಬುಡವನ್ನು ಅಂಟಿನಲ್ಲಿ ಕೂರಿಸುತ್ತಾರೆ. ನಮ್ಮ ಉಪ್ಪರಿಗೆ ಮೆಟ್ಟಿಲಿನ ದಾಯಾದಿ!

ಬಿಸಿಗಾಳಿ ಎಲ್ಲಿದ್ದರೂ ಮೇಲೇರುವುದೇ. ಅಲ್ಲಿ ಶಾಖ ಸೋರದಂತೆ ಮೆಟ್ಟಿಲಿಗೆ ಬಾಗಿಲು ಇಡುವುದುಂಟು. ಇಲ್ಲಿ ಸೆಕೆ ಹೊರಹೋಗಲು ಮೆಟ್ಟಿಲ ನೆತ್ತಿಯಲ್ಲಿ ಕಿಂಡಿ ಬೇಕು. ಅದಿಲ್ಲದಿದ್ದರೆ ಕೆಳಗೆ ಬಂಗುಡೆ ಹುರಿದ ದಿನ ಮಹಡಿಯ ಹೊದಿಕೆಗೂ ಅದರದ್ದೇ ಘಮ.