ಶಿವನಿ ಮಕ್ಕಳಿಗೆ ಹೋಂವರ್ಕ್ ಬೇಕಾ?

ಒಂದನೇ, ಎರಡನೇ ಕ್ಲಾಸಿನ ಮಕ್ಕಳಿಗೆ ಹೋಂವರ್ಕ್ ಕೊಡಂಗಿಲ್ಲ. ಕೇಂದ್ರದ 2020ರ ಶಾಲಾ ಬ್ಯಾಗ್ ನೀತಿಯೇ ಹಾಗೆ ಹೇಳುತ್ತೆ. ಮೂರರಿಂದ ಐದನೇ ಕ್ಲಾಸಿಗೆ ಹೆಚ್ಚೆಂದರೆ 2 ಗಂಟೆ. ದಿನಕ್ಕಲ್ಲ ಸ್ವಾಮಿ, ವಾರಕ್ಕೆ! ಆರರಿಂದ ಎಂಟಕ್ಕೆ ದಿನಕ್ಕೆ 1 ಗಂಟೆ.

ಈಗ ಅಜ್ಜಂಪುರ ತಾಲ್ಲೂಕಿನ ಶಿವನಿ ಕಡೆ ಬನ್ನಿ. ಈರುಳ್ಳಿ ಕೀಳೋ ಕಾಲ. ಅಪ್ಪ-ಅಮ್ಮ ಹೊಲದಿಂದ ಬರುವಷ್ಟರಲ್ಲಿ ಕತ್ತಲು. ಹೇಳಿಕೊಡೋರು ಯಾರು? ಮಗು ಗೈಡ್ ನೋಡಿ ಉತ್ತರ ಇಳಿಸುತ್ತೆ, ಮೇಷ್ಟ್ರು ಕೆಂಪು ಪೆನ್ನಲ್ಲಿ ರೈಟ್ ಹಾಕ್ತಾರೆ. ಅಲ್ಲಿಗೆ ಮುಗೀತು.

ಹಾಗಂತ ಹೋಂವರ್ಕೇ ಬೇಡ ಅನ್ನಲಾರೆ. ಮಗ್ಗಿ ಬಾಯಿಗೆ ಬರಬೇಕಂದ್ರೆ ಮನೇಲೂ ಹೇಳಲೇಬೇಕು. ಕೊಡೋದಾದ್ರೆ ಮಗು ತಾನಾಗೇ ಮಾಡುವಂಥದ್ದು ಕೊಡಿ: ಒಂದು ಚೀಲ ಈರುಳ್ಳಿ ಎಷ್ಟು ಕೆ.ಜಿ.? ಕ್ವಿಂಟಾಲಿಗೆ ಇವತ್ತಿನ ರೇಟೆಷ್ಟು? ಹತ್ತು ಚೀಲಕ್ಕೆ ಎಷ್ಟಾಯ್ತು? ಲೆಕ್ಕ ತಪ್ಪಿದ್ರೆ ಅಪ್ಪನೇ ಹಿಡೀತಾನೆ.