ಅರವತ್ತು ಸಾವಿರದ ತಕರಾರು

1951ರಲ್ಲಿ ಕೊರಿಯಾದ ಯುದ್ಧರಂಗದಲ್ಲಿದ್ದ ಅಮೆರಿಕದ ವೈದ್ಯರಿಗೆ ಅಪರಿಚಿತ ಜ್ವರವೊಂದು ಎದುರಾಯಿತು. ಸೈನಿಕರ ಮುಖ ಕೆಂಪೇರುತ್ತಿತ್ತು, ಸೊಂಟ ಹಿಡಿದುಕೊಳ್ಳುತ್ತಿತ್ತು. ಜ್ವರ ಇಳಿಯಿತು ಎನ್ನುವಷ್ಟರಲ್ಲಿ ರಕ್ತದೊತ್ತಡ ಕುಸಿದು ಮೂತ್ರ ನಿಂತೇಹೋಗುತ್ತಿತ್ತು. ಬದುಕುಳಿದವರಿಗೆ ಆಮೇಲೆ ದಿನಕ್ಕೆ ಹಲವು ಲೀಟರ್ ಮೂತ್ರ! ಯುದ್ಧ ಮುಗಿಯುವ ವೇಳೆಗೆ 3,000ಕ್ಕೂ ಹೆಚ್ಚು ಸೈನಿಕರು ಈ ಕಾಯಿಲೆಗೆ ತುತ್ತಾಗಿದ್ದರು. 1952ರಲ್ಲಿ ಪಾಲ್ ಟೆಷನ್ ಎಂಬ ಸೇನಾ ವೈದ್ಯರು ವೊಂಜು ಪಟ್ಟಣದ ಮಿಲಿಟರಿ ಆಸ್ಪತ್ರೆಗೆ ಕೃತಕ ಮೂತ್ರಪಿಂಡದ ಯಂತ್ರವನ್ನೇ ತರಿಸಿಕೊಂಡರು. ಯಂತ್ರವೇನೋ ಬಂತು. ಆದರೆ ಸಾಲಾಗಿ ಮಲಗಿದ ಜ್ವರಪೀಡಿತರಲ್ಲಿ ಯಾರ ಕಿಡ್ನಿ ಕೈಕೊಡುತ್ತದೆಂದು ಮೊದಲೇ ಹೇಳುವುದು ಹೇಗೆ?

ಕಿಡ್ನಿ ಹೊರಹಾಕಬೇಕಾದ ಕ್ರಿಯಾಟಿನಿನ್ ರಕ್ತದಲ್ಲಿ ಎಷ್ಟು ಉಳಿದಿದೆ ಎಂದು ಅಳೆಯುವ ಪರೀಕ್ಷೆಯೊಂದಿದೆ; ಅದರ ಮೂಲ 1886ರಷ್ಟು ಹಳೆಯದು. ಜರ್ಮನಿಯ ಮ್ಯಾಕ್ಸ್ ಯಾಫೆ ಕಂಡುಕೊಂಡ ಬಣ್ಣದ ಪ್ರತಿಕ್ರಿಯೆ ಅದು. ಆದರೆ ಕಿಡ್ನಿಯ ಶಕ್ತಿ ಸಾಕಷ್ಟು ಕುಂದಿದ ಮೇಲಷ್ಟೇ ಕ್ರಿಯಾಟಿನಿನ್ ಕಣ್ಣಿಗೆ ಬೀಳುವಂತೆ ಏರುತ್ತದೆ. ಮುನ್ಸೂಚನೆಗೆ ಅದನ್ನು ನಂಬಿ ಕೂರುವಂತಿಲ್ಲ.

ರೋಗದ ಮೂಲ ಸಿಗಲು ಕಾಲು ಶತಮಾನ ಬೇಕಾಯಿತು. 1976ರಲ್ಲಿ ಕೊರಿಯಾದ ಹೊ ವಾಂಗ್ ಲೀ ಹೊಲದ ಇಲಿಯ ಶ್ವಾಸಕೋಶದಲ್ಲಿ ಅದಕ್ಕೆ ಕಾರಣವಾದ ವೈರಸ್ಸಿನ ಸುಳಿವು ಹಿಡಿದರು. ಹಂತಾನ್ ನದಿಯ ಹೆಸರು ವೈರಸ್ಸಿಗೆ ಬಂತು. ಅದರ ಸೌಮ್ಯ ದಾಯಾದಿ ಯುರೋಪಿನ ಪೂಮಾಲಾ ವೈರಸ್. ಇದಕ್ಕೆ ಹೆಸರು ಕೊಟ್ಟದ್ದು ಫಿನ್ಲೆಂಡಿನ ಒಂದು ಊರು. ಇದರಿಂದ ಸಾಯುವವರು ನೂರಕ್ಕೆ ಒಬ್ಬರೂ ಇಲ್ಲ, ಆದರೆ ಕಿಡ್ನಿ ಸೋತು ಡಯಾಲಿಸಿಸ್ಸಿಗೆ ಹೋಗುವವರು ಇದ್ದಾರೆ.

ತಕರಾರು ಹುಟ್ಟಿದ್ದು ಇಲ್ಲೇ. 2004ರಲ್ಲಿ ಜರ್ಮನ್ ವೈದ್ಯರ ತಂಡವೊಂದು 15 ಪೂಮಾಲಾ ರೋಗಿಗಳ ಲೆಕ್ಕವನ್ನು ಮುಂದಿಟ್ಟಿತು. ಆರಂಭದಲ್ಲೇ ಪ್ಲೇಟ್‌ಲೆಟ್ 60,000ಕ್ಕಿಂತ ಕೆಳಗಿಳಿದವರಿಗೆ ಮುಂದೆ ಕಿಡ್ನಿ ತೀವ್ರವಾಗಿ ಸೋಲುವ ಸಾಧ್ಯತೆ ಹೆಚ್ಚು. ಬಿಳಿ ರಕ್ತಕಣದ ಎಣಿಕೆಯಾಗಲಿ, ಉರಿಯೂತ ತೋರುವ ಸಿಆರ್‌ಪಿಯಾಗಲಿ ಹಾಗೆ ಮುನ್ಸೂಚನೆ ಕೊಡಲಿಲ್ಲ ಎಂದಿತು ವರದಿ. ಡೆಂಗಿ ಬಂದಾಗಲೆಲ್ಲ ಪ್ಲೇಟ್‌ಲೆಟ್ ಎಷ್ಟೆಂದು ಕೇಳುವ ನಮಗೆ ಈ ಮೋಹ ಹೊಸದಲ್ಲ. ಎಲ್ಲ ಆಸ್ಪತ್ರೆಯಲ್ಲೂ ಆಗುವ ಅಗ್ಗದ ಪರೀಕ್ಷೆ, ನೆನಪಿಡಲು ಸುಲಭದ ಅಂಕಿ. ಇನ್ನೇನು ಬೇಕು!

ಫಿನ್ನರು ಒಪ್ಪಲಿಲ್ಲ. 2016ರಲ್ಲಿ 546 ರೋಗಿಗಳ ದಾಖಲೆ ಜಾಲಾಡಿದ ಸಂಶೋಧಕರಿಗೆ ಪ್ಲೇಟ್‌ಲೆಟ್ ಕುಸಿತದ ಜೊತೆ ಉರಿಯೂತ ಕಂಡಿತು, ಸೂಕ್ಷ್ಮ ರಕ್ತನಾಳಗಳ ಸೋರಿಕೆಯೂ ಕಂಡಿತು. ಕಿಡ್ನಿ ಹಾನಿಯ ತೀವ್ರತೆಯ ಜೊತೆ ಮಾತ್ರ ನಂಟು ಸಿಗಲಿಲ್ಲ. ಸಿಆರ್‌ಪಿಯನ್ನು ನಂಬಬೇಡಿ ಎಂಬಲ್ಲಿ ಮಾತ್ರ ಎರಡೂ ಕಡೆಯವರು ಒಂದೇ: ರೋಗದ ತೀವ್ರತೆ ಅಳೆಯಲು ಅದಕ್ಕಿಂತ ಉರಿಯೂತದ ಇನ್ನೊಂದು ಸೂಚಕವಾದ ಇಂಟರ್‌ಲ್ಯೂಕಿನ್-6 ಮೇಲು ಎಂದು ಫಿನ್ಲೆಂಡಿನವರು 2010ರಲ್ಲೇ ಬರೆದಿದ್ದರು. ಆದರೆ ಆ ಪರೀಕ್ಷೆ ಸಣ್ಣ ಆಸ್ಪತ್ರೆಯಲ್ಲಿ ಎಲ್ಲಿ ಸಿಗಬೇಕು?

ಇಷ್ಟೆಲ್ಲ ಜಗ್ಗಾಟದ ನಡುವೆ ಮೂಲೆಗೆ ಬಿದ್ದದ್ದು ಮೂತ್ರದಲ್ಲಿ ಅದ್ದುವ ಕಾಗದದ ಪಟ್ಟಿ. ಕೊರಿಯಾ ಯುದ್ಧದ ವೈದ್ಯರಿಗೂ ಮೂತ್ರದಲ್ಲಿ ದಿಢೀರನೆ ಕಾಣುವ ಪ್ರೋಟೀನು ಈ ರೋಗದ ಗುರುತಾಗಿತ್ತು. ದಾಖಲಾದ ದಿನವೇ ಪಟ್ಟಿಯ ಬಣ್ಣ ಗಾಢವಾದರೆ ಕ್ರಿಯಾಟಿನಿನ್ ಮುಂದೆ ಏರುವ ಸಂಭವ ಹೆಚ್ಚು ಎಂದು ತೋರಿಸಿದವರೂ ಫಿನ್ಲೆಂಡಿನವರೇ. ಪ್ಲೇಟ್‌ಲೆಟ್ ಹೇಳುವುದು ರಕ್ತನಾಳದ ಕಥೆ. ಪ್ರೋಟೀನು ಬರುವುದು ಕಿಡ್ನಿಯ ಜರಡಿಯಿಂದಲೇ. ಆದರೂ ಆ 15 ಜನರಿಂದ ಹುಟ್ಟಿದ ಅರವತ್ತು ಸಾವಿರದ ಅಂಕಿ ಲೇಖನಗಳಲ್ಲಿ ಇನ್ನೂ ಓಡಾಡುತ್ತಿದೆ, 546 ಜನರ ಮಾತಿಗೆ ಅಷ್ಟು ಕಾಲು ಬಂದಿಲ್ಲ.

ಪೂಮಾಲಾಗೆ ಮದ್ದೆಂಬುದು ಇನ್ನೂ ಇಲ್ಲ. ಇರುವ ಚಿಕಿತ್ಸೆಯೆಂದರೆ ಡ್ರಿಪ್ ಹದವಾಗಿ ಕೊಡುವುದು: ಕಡಿಮೆಯಾದರೆ ರಕ್ತದೊತ್ತಡ ಬೀಳುತ್ತದೆ, ಮೂತ್ರ ನಿಂತವನಿಗೆ ಹೆಚ್ಚಾದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಯಾವ ರೋಗಿಗೆ ಎಷ್ಟು ಬಾಟಲಿ, ಯಾರನ್ನು ಡಯಾಲಿಸಿಸ್ ಇರುವ ಆಸ್ಪತ್ರೆಗೆ ಕಳಿಸಬೇಕು ಎಂಬುದನ್ನು ಡ್ಯೂಟಿ ಡಾಕ್ಟರು ಮೊದಲ ದಿನದ ರಿಪೋರ್ಟು ನೋಡಿಯೇ ತೀರ್ಮಾನಿಸಬೇಕು.